ವಾದ ನಿಲ್ಲಿಸಿ ಪಟ್ಟಿ ಬರೆಯತೊಡಗಿದ ಮೇಲೆ: ಎಕ್ಸ್11ರಿಂದ ವೇಲ್ಯಾಂಡ್‌ಗೆ ಬಂದ ನನ್ನ ಅನುಭವ

ನಮ್ಮ ತಂಡದ ಹನ್ನೊಂದು ಲಿನಕ್ಸ್ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವ ಹೊಣೆ ನನ್ನದು. ಪರದೆಯ ಮೇಲೆ ವಿಂಡೋಗಳನ್ನು ಮೂಡಿಸುವ ಹಳೆಯ ವ್ಯವಸ್ಥೆಯಾದ ಎಕ್ಸ್11ನ್ನು ಬಿಟ್ಟು ಅದೇ ಕೆಲಸದ ಹೊಸ ವ್ಯವಸ್ಥೆಯಾದ ವೇಲ್ಯಾಂಡ್‌ಗೆ ಹೋಗಬೇಕೇ ಬೇಡವೇ ಎಂಬ ಚರ್ಚೆ ನಮ್ಮಲ್ಲಿ ಒಂದು ವರ್ಷಕ್ಕೂ ಹೆಚ್ಚು ಕಾಲ ನಡೆಯಿತು, ಮತ್ತು ಅದರ ಬಹುಭಾಗದಲ್ಲಿ ನಾನು ಬೇಡವೆನ್ನುವವರ ಪಕ್ಷದಲ್ಲಿದ್ದೆ. ಎಕ್ಸ್11 1987ರಿಂದ ಬಳಕೆಯಲ್ಲಿದೆ, ನಮ್ಮ ಸ್ಕ್ರಿಪ್ಟುಗಳೆಲ್ಲ ಅದನ್ನೇ ನಂಬಿಕೊಂಡಿವೆ, ಕೆಲಸ ಮಾಡುತ್ತಿರುವುದನ್ನು ಏಕೆ ಕೆದಕಬೇಕು ಎಂಬುದು ನನ್ನ ವಾದವಾಗಿತ್ತು. ಕ್ರಿಸ್ಟಿಯನ್ ಹಾಗ್ಸ್‌ಬರ್ಗ್ 2008ರಲ್ಲಿ ಆರಂಭಿಸಿದ ವೇಲ್ಯಾಂಡ್‌ನ 1.0 ಆವೃತ್ತಿ 2012ರಲ್ಲೇ ಬಂದಿದ್ದರೂ, ಉಬುಂಟು ಎಂಬ ಲಿನಕ್ಸ್ ವಿತರಣೆ ಅದನ್ನು 17.10ರಲ್ಲಿ ಪೂರ್ವನಿಯೋಜಿತ ಆಯ್ಕೆಯಾಗಿಸಿ, 18.04ರಲ್ಲಿ ಹಿಂದೆ ಸರಿದು, 21.04ರಲ್ಲಷ್ಟೇ ಮತ್ತೆ ತಂದದ್ದನ್ನು ನಾನು ಪ್ರತಿ ಸಭೆಯಲ್ಲೂ ನೆನಪಿಸುತ್ತಿದ್ದೆ.

ನನ್ನ ನಿಲುವು ಸಡಿಲವಾದದ್ದು ವಾದದಿಂದಲ್ಲ. ಒಂದು ಮಧ್ಯಾಹ್ನ ಕಿರಿಯ ಸಹೋದ್ಯೋಗಿಯೊಬ್ಬರು ನನ್ನ ಎಕ್ಸ್ ಸೆಷನ್‌ನಲ್ಲಿ ಒಂದು ಟರ್ಮಿನಲ್ ತೆರೆದು, ಎಲ್ಲರ ಬಳಿಯೂ ಇರುವ ಎಕ್ಸ್‌ಇನ್‌ಪುಟ್ ಎಂಬ ಸಣ್ಣ ಉಪಕರಣವನ್ನು ಚಾಲೂ ಮಾಡಿ, ಬೇರೊಂದು ವಿಂಡೋದಲ್ಲಿ ಏನಾದರೂ ಟೈಪ್ ಮಾಡುವಂತೆ ಹೇಳಿದರು. ನಾನು ಒತ್ತಿದ ಪ್ರತಿಯೊಂದು ಕೀಲಿಯ ಸಂಖ್ಯೆಯೂ ಆ ಟರ್ಮಿನಲ್‌ನಲ್ಲಿ ಸಾಲಾಗಿ ಮೂಡುತ್ತಾ ಹೋಯಿತು. ಅದಕ್ಕೆ ನಿರ್ವಾಹಕನ ಅಧಿಕಾರವಾಗಲಿ, ನನ್ನ ಒಪ್ಪಿಗೆಯಾಗಲಿ ಬೇಕಿರಲಿಲ್ಲ. ಒಂದೇ ಪರದೆಯನ್ನು ಹಂಚಿಕೊಂಡ ತಂತ್ರಾಂಶಗಳೆಲ್ಲ ಪರಸ್ಪರ ನಂಬಿಕಸ್ಥರು ಎಂಬ ಗ್ರಹಿಕೆಯ ಮೇಲೆ ಕಟ್ಟಿದ ವ್ಯವಸ್ಥೆ ಅದು ಎಂದು ಓದಿ ತಿಳಿದಿದ್ದೆನಾದರೂ, ನನ್ನದೇ ಪಾಸ್‌ವರ್ಡ್‌ನ ಕೀಲಿಗಳು ಸಂಖ್ಯೆಗಳಾಗಿ ಇಳಿಯುವುದನ್ನು ನೋಡಿದ ಮೇಲೆ ಆ ತಿಳಿವಳಿಕೆಯ ತೂಕವೇ ಬೇರೆಯಾಯಿತು. ವೇಲ್ಯಾಂಡ್ ಸೆಷನ್‌ನಲ್ಲಿ ಅದೇ ಉಪಕರಣಕ್ಕೆ ಹಳೆಯ ಎಕ್ಸ್ ತಂತ್ರಾಂಶಗಳಲ್ಲಿ ಒತ್ತಿದ ಕೀಲಿಗಳಷ್ಟೇ ಕಂಡವು, ಉಳಿದ ಯಾವುದೂ ಕಾಣಲಿಲ್ಲ.

ಅಂದೇ ಒಂದು ಒಪ್ಪಂದಕ್ಕೆ ಬಂದೆವು. ಎರಡು ತಿಂಗಳು ಎಲ್ಲರೂ ವೇಲ್ಯಾಂಡ್ ಬಳಸುವುದು, ಕೈಕೊಟ್ಟ ಪ್ರತಿಯೊಂದು ಸಂಗತಿಯನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆಯುವುದು, ಅಲ್ಲಿಯವರೆಗೆ ಯಾರೂ ವಾದಿಸದಿರುವುದು. ಕೊನೆಗೆ ಇಪ್ಪತ್ಮೂರು ನಮೂದುಗಳಾದವು. ಅವುಗಳಲ್ಲಿ ಆರು, ಹೊಸ ಸೆಷನ್ ಗಮನಿಸದ ಹಳೆಯ ಸಂರಚನಾ ಕಡತಗಳಿಗೆ ಸಂಬಂಧಿಸಿದವು: ಎಕ್ಸ್‌ಪ್ರೊಫೈಲ್‌ನಲ್ಲಿ ಬರೆದಿಟ್ಟ ಸಾಲುಗಳು, ಎಕ್ಸ್‌ಮಾಡ್‌ಮ್ಯಾಪ್‌ನಿಂದ ಅದಲುಬದಲು ಮಾಡಿದ ಕೀಲಿಗಳು ಇತ್ಯಾದಿ. ಅವನ್ನು ಒಂದೇ ದಿನದಲ್ಲಿ ಸರಿಪಡಿಸಿದೆ. ಶೇ. 150ಕ್ಕೆ ಹಿಗ್ಗಿಸಿದ ಪರದೆಗಳಲ್ಲಿ ಕೆಲವು ವಿಂಡೋಗಳ ಅಕ್ಷರ ಮಸುಕಾಗುತ್ತಿತ್ತು. ಅವು ಹಳೆಯ ಎಕ್ಸ್ ತಂತ್ರಾಂಶಗಳಿಗಾಗಿ ಇರುವ ಎಕ್ಸ್‌ವೇಲ್ಯಾಂಡ್ ಎಂಬ ಹೊಂದಾಣಿಕೆಯ ಪದರದ ಮೂಲಕ ಓಡುತ್ತಿವೆಯೇ ಎಂದು ತಿಳಿಯಲು ಪರದೆಯ ಮೇಲೆ ಎರಡು ಕಣ್ಣುಗಳನ್ನು ಮೂಡಿಸುವ ಎಕ್ಸ್‌ಐಸ್‌ಗಿಂತ ಸುಲಭವಾದ ಸಾಧನ ನನಗೆ ಸಿಗಲಿಲ್ಲ. ಅದರ ಕಣ್ಣುಗಳು ಎಕ್ಸ್ ತಂತ್ರಾಂಶಗಳ ಮೇಲೆ ಮೌಸ್ ಓಡಾಡಿದಾಗ ಮಾತ್ರ ಅದನ್ನು ಹಿಂಬಾಲಿಸುತ್ತವೆ. ಇನ್ನು ಎರಡು ಕಂಪ್ಯೂಟರ್‌ಗಳಲ್ಲಿ ಚಿತ್ರ ಮಿನುಗುತ್ತಿದ್ದದ್ದು, ಗ್ರಾಫಿಕ್ಸ್ ಚಾಲಕ ಮತ್ತು ವಿಂಡೋಗಳನ್ನೆಲ್ಲ ಜೋಡಿಸಿ ಪರದೆಗೆ ತರುವ ಕಾಂಪೊಸಿಟರ್ ತಮ್ಮ ಹೆಜ್ಜೆಗಳನ್ನು ಸ್ಪಷ್ಟವಾಗಿ ಹೊಂದಿಸಿಕೊಳ್ಳುವ ಎಕ್ಸ್‌ಪ್ಲಿಸಿಟ್ ಸಿಂಕ್ ಸೌಲಭ್ಯವುಳ್ಳ ಹೊಸ ಆವೃತ್ತಿಗಳನ್ನು ಹಾಕಿದ ಮೇಲೆ ನಿಂತಿತು.

ನನಗೆ ಹೆಚ್ಚು ಕಲಿಸಿದ್ದು ಎಕ್ಸ್‌ಡೂಟೂಲ್ ಬಳಸಿ ನಾನೇ ಬರೆದ ಸ್ಕ್ರಿಪ್ಟುಗಳು. ಅವು ವಿಂಡೋವೊಂದನ್ನು ಹೆಸರಿನಿಂದ ಹುಡುಕಿ, ಮುಂದಕ್ಕೆ ತಂದು, ಗುಂಡಿಗಳನ್ನು ಒತ್ತಿ, ಮಾಹಿತಿ ತುಂಬುತ್ತಿದ್ದವು. ವೇಲ್ಯಾಂಡ್‌ನಲ್ಲಿ ಒಂದು ತಂತ್ರಾಂಶಕ್ಕೆ ಇನ್ನೊಂದರ ವಿಂಡೋ ಎಲ್ಲಿದೆಯೆಂಬುದೇ ತಿಳಿಯದಾದ್ದರಿಂದ ಅವೆಲ್ಲ ನಿಂತುಹೋದವು. ಮೊದಲು ವೈಡೂಟೂಲ್ ಹಾಕಿದೆ. ಅದು ಕರ್ನಲ್ ಮಟ್ಟದಲ್ಲಿ ಕೃತಕ ಕೀಲಿಮಣೆಯೊಂದನ್ನು ಸೃಷ್ಟಿಸುವುದರಿಂದ ಕೆಲಸವೇನೋ ನಡೆಯಿತು, ಆದರೆ ಅದಕ್ಕೆ ಕೊಡಬೇಕಾದ ಅನುಮತಿಯನ್ನು ಕಂಡಾಗ, ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಲ ಬಾಗಿಲನ್ನು ತೆರೆದಿಟ್ಟಂತಾಯಿತೆಂದು ಅನಿಸಿ ತೆಗೆದುಹಾಕಿದೆ. ಆಮೇಲೆ ಪ್ರತಿ ಸ್ಕ್ರಿಪ್ಟನ್ನೂ ಮತ್ತೆ ಓದಿದಾಗ, ಅರ್ಧಕ್ಕಿಂತ ಹೆಚ್ಚಿನವು ಮಾಡುತ್ತಿದ್ದ ಕೆಲಸಕ್ಕೆ ಆಯಾ ತಂತ್ರಾಂಶಗಳಲ್ಲೇ ಆದೇಶ ಸಾಲಿನ ಆಯ್ಕೆಯೋ ತಂತ್ರಾಂಶಗಳು ಪರಸ್ಪರ ಸಂದೇಶ ಕಳಿಸುವ ಡಿ-ಬಸ್‌ನ ಕರೆಯೋ ಇತ್ತು. ಉಳಿದವುಗಳಿಗೆ ಇಂದಿಗೂ ಸಮನಾದ ಬದಲಿ ಸಿಕ್ಕಿಲ್ಲ, ಮತ್ತು ಅದನ್ನು ನಷ್ಟವೆಂದೇ ನಾನು ಲೆಕ್ಕ ಹಾಕುತ್ತೇನೆ.

ಬರವಣಿಗೆಯ ತೊಂದರೆ ಎಲ್ಲಕ್ಕಿಂತ ಹೆಚ್ಚು ದಿನ ಕಾಡಿತು. ಕನ್ನಡದಂತೆ, ಒತ್ತಿದ ಕೀಲಿಗಳನ್ನು ಅಕ್ಷರಗಳಾಗಿಸುವ ಇನ್‌ಪುಟ್ ಮೆಥಡ್‌ನ ಮೂಲಕ ಬರೆಯುವ ಲಿಪಿಗಳಿಗೆ ಎಕ್ಸ್ ಕಾಲದಲ್ಲಿ ತಂತ್ರಾಂಶವೇ ಐಬಸ್ ಅಥವಾ ಎಫ್‌ಸಿಐಟಿಎಕ್ಸ್ ಎಂಬ ಇನ್‌ಪುಟ್ ಮೆಥಡ್‌ನೊಡನೆ ನೇರವಾಗಿ ಮಾತನಾಡುತ್ತಿತ್ತು. ವೇಲ್ಯಾಂಡ್‌ನಲ್ಲಿ ಆ ಮಾತುಕತೆ ಕಾಂಪೊಸಿಟರ್‌ನ ಮಧ್ಯಸ್ಥಿಕೆಯಲ್ಲಿ ನಡೆಯುತ್ತದೆ. ಗ್ನೋಮ್ ಎಂಬ ಡೆಸ್ಕ್‌ಟಾಪ್‌ನಲ್ಲಿ ಐಬಸ್ ಒಳಗೇ ಬೆಸೆದುಕೊಂಡಿರುವುದರಿಂದ ಏನನ್ನೂ ಮಾಡಬೇಕಾಗಲಿಲ್ಲ. ಇನ್ನೊಂದು ಡೆಸ್ಕ್‌ಟಾಪ್ ಆದ ಕೆಡಿಇ ಪ್ಲಾಸ್ಮಾದಲ್ಲಿ ಮಾತ್ರ ಸೆಟ್ಟಿಂಗ್ಸ್‌ನ ವರ್ಚುವಲ್ ಕೀಬೋರ್ಡ್ ವಿಭಾಗಕ್ಕೆ ಹೋಗಿ ಇನ್‌ಪುಟ್ ಮೆಥಡನ್ನು ಆರಿಸಬೇಕೆಂಬುದು ಗೊತ್ತಾಗಲು ನನಗೆ ಮೂರು ದಿನ ಹಿಡಿಯಿತು, ಏಕೆಂದರೆ ನಿಜವಾದ ಕೀಲಿಮಣೆಯಲ್ಲಿ ಬರೆಯುವವನು ವರ್ಚುವಲ್ ಕೀಬೋರ್ಡ್ ಎಂಬ ಹೆಸರಿನ ಕೆಳಗೆ ಹುಡುಕುವುದಿಲ್ಲ. ಅದಾದ ಮೇಲೂ, ಬರೆಯುವಾಗ ಬರುವ ಪದಗಳ ಸಲಹೆಯ ಪಟ್ಟಿ ಪರದೆಯ ಯಾವುದೋ ಮೂಲೆಯಲ್ಲಿ ಮೂಡುತ್ತಿತ್ತು. ಜಿಟಿಕೆ ಮತ್ತು ಕ್ಯೂಟಿ ಎಂಬ ಸಲಕರಣೆಗಳಿಂದ ಕಟ್ಟಿದ ತಂತ್ರಾಂಶಗಳಿಗಾಗಿ ಹಿಂದೆ ನಾವೇ ಬರೆದಿಟ್ಟಿದ್ದ ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳು ಅವನ್ನು ಹಳೆಯ ದಾರಿಗೇ ಎಳೆಯುತ್ತಿದ್ದವು. ಅವನ್ನು ಅಳಿಸಿ, ಎಕ್ಸ್‌ವೇಲ್ಯಾಂಡ್‌ಗಾಗಿ ಒಂದನ್ನಷ್ಟೇ ಉಳಿಸಿಕೊಂಡ ಮೇಲೆ ಪಟ್ಟಿ ಕರ್ಸರ್‌ನ ಪಕ್ಕಕ್ಕೆ ಬಂತು.

ಪರದೆ ಹಂಚಿಕೊಳ್ಳುವಾಗ ಪ್ರತಿ ಸಲವೂ ಯಾವ ವಿಂಡೋ ಎಂದು, ಬಳಕೆದಾರರ ಒಪ್ಪಿಗೆ ಪಡೆಯುವ ಮಧ್ಯವರ್ತಿಯಾದ ಪೋರ್ಟಲ್ ಕೇಳುವುದು ಹಲವರಿಗೆ ಕಿರಿಕಿರಿಯೆನಿಸಿತು, ನನಗೆ ಹಿತವೆನಿಸಿತು. ಆದರೆ ಗ್ನೋಮ್, ಪ್ಲಾಸ್ಮಾ, ಸ್ವೇ ಇವುಗಳು ಪ್ರತ್ಯೇಕ ಪೋರ್ಟಲ್‌ಗಳನ್ನು ಬರೆದುಕೊಂಡಿರುವುದರಿಂದ, ಹಿಂದೆ ಒಂದೇ ಸರ್ವರ್ ಮಾಡುತ್ತಿದ್ದ ಕೆಲಸವನ್ನು ಈಗ ಪ್ರತಿಯೊಂದು ಡೆಸ್ಕ್‌ಟಾಪ್ ತಂಡವೂ ತಾನೇ ಹೊರಬೇಕಾಗಿದೆ. ದೊಡ್ಡ ತಂಡಗಳು ಅದನ್ನು ಹೊರಬಲ್ಲವು. ಚಿಕ್ಕ ತಂಡವಾದ ಎಕ್ಸ್‌ಎಫ್‌ಸಿಇ 2024ರ ಡಿಸೆಂಬರ್‌ನ 4.20 ಆವೃತ್ತಿಯಲ್ಲಿ ವೇಲ್ಯಾಂಡನ್ನು ಪ್ರಾಯೋಗಿಕವಾಗಿಯಷ್ಟೇ ಕೊಡಲು ಸಾಧ್ಯವಾದುದನ್ನು ನೋಡಿದರೆ, ವಿರೋಧಿಗಳ ಈ ಒಂದು ವಾದವನ್ನು ತಳ್ಳಿಹಾಕುವುದು ಪ್ರಾಮಾಣಿಕತೆಯಾಗದು.

ಇಪ್ಪತ್ಮೂರನೆಯ ನಮೂದು ದೃಷ್ಟಿಯಿಲ್ಲದ ನಮ್ಮ ಸಹೋದ್ಯೋಗಿಯೊಬ್ಬರದು. ಅವರು ಓರ್ಕಾ ಎಂಬ ಪರದೆ ಓದುಗದ ನೆರವಿನಿಂದ ಕೆಲಸ ಮಾಡುತ್ತಾರೆ. ಓರ್ಕಾ ತನ್ನ ಆದೇಶದ ಕೀಲಿಗಳನ್ನು ಯಾವ ವಿಂಡೋದಲ್ಲಿದ್ದರೂ ಹಿಡಿಯಲು ಬಳಸುತ್ತಿದ್ದದ್ದು, ಅಂದು ನನ್ನನ್ನು ಬೆಚ್ಚಿಬೀಳಿಸಿದ ಆ ತೆರೆದ ಬಾಗಿಲನ್ನೇ. ಅದನ್ನು ಮುಚ್ಚಿದ್ದು ಸರಿ; ಅವರಿಗಾಗಿ ಬೇರೊಂದು ಬಾಗಿಲನ್ನು ಮೊದಲೇ ಕಟ್ಟಬೇಕಿತ್ತು. ವೇಲ್ಯಾಂಡ್‌ನಲ್ಲಿ ಓರ್ಕಾದ ಕೀಲಿಗಳಿಗೆ ಕ್ರಮಬದ್ಧ ದಾರಿ ಸಿಕ್ಕಿದ್ದು 2025ರ ಮಾರ್ಚ್‌ನ ಗ್ನೋಮ್ 48ರಲ್ಲಿ. ಅದೇ ವರ್ಷದ ಸೆಪ್ಟೆಂಬರ್‌ನ ಗ್ನೋಮ್ 49ರಲ್ಲಿ ಎಕ್ಸ್ ಸೆಷನ್ ಪೂರ್ವನಿಯೋಜಿತವಾಗಿ ನಿಷ್ಕ್ರಿಯವಾಯಿತು. ನಡುವಿನ ಅಂತರ ಆರು ತಿಂಗಳು. ಹೊಸ ವ್ಯವಸ್ಥೆಯ ಪರವಾಗಿ ಇಂದು ಮಾತನಾಡುವ ನಾನು, ಈ ಆರು ತಿಂಗಳನ್ನು ಮಾತ್ರ ಸಮರ್ಥಿಸಲಾರೆ.

ಹತ್ತು ಕಂಪ್ಯೂಟರ್‌ಗಳು ಈಗ ಪೂರ್ತಿಯಾಗಿ ವೇಲ್ಯಾಂಡ್‌ನಲ್ಲಿವೆ. ಹನ್ನೊಂದನೆಯದರಲ್ಲಿ, ದೀರ್ಘಕಾಲದ ಬೆಂಬಲವಿರುವ ವಿತರಣೆಯೊಂದರ ಎಕ್ಸ್ ಸೆಷನ್ ಉಳಿಸಿಕೊಂಡಿದ್ದೇನೆ. ಪ್ರತಿ ಹೊಸ ಆವೃತ್ತಿ ಬಂದಾಗಲೂ ಆ ಸಹೋದ್ಯೋಗಿಯೂ ನಾನೂ ಒಟ್ಟಿಗೆ ಕುಳಿತು, ಅವರು ದಿನವೂ ಮಾಡುವ ಒಂಬತ್ತು ಕೆಲಸಗಳನ್ನು ವೇಲ್ಯಾಂಡ್‌ನಲ್ಲಿ ಮಾಡಿ ನೋಡುತ್ತೇವೆ. ಕಳೆದ ಸಲ ಎಂಟು ಸರಾಗವಾಗಿ ಆದವು. ಮೌಸ್ ಸೂಚಿಯ ಕೆಳಗಿರುವುದನ್ನು ಓದಿ ಹೇಳುವ ಸೌಲಭ್ಯಕ್ಕೆ ಇಡೀ ಪರದೆಯಲ್ಲಿ ಸೂಚಿ ಎಲ್ಲಿದೆಯೆಂಬುದು ತಿಳಿಯಬೇಕಾಗುತ್ತದೆ. ವೇಲ್ಯಾಂಡ್ ಆ ಮಾಹಿತಿಯನ್ನು ಕೊಡದ ಕಾರಣ ಒಂಬತ್ತನೆಯದು ಆಗಲಿಲ್ಲ, ಮತ್ತು ನೋಟ್‌ಬುಕ್ಕಿನ ಆ ನಮೂದಿನ ಮೇಲೆ ನಾನಿನ್ನೂ ಗೆರೆ ಎಳೆದಿಲ್ಲ.