ಸಿಂಗಾಪುರಕ್ಕೆ ಹೊಸದಾಗಿ ಬಂದವರು ಎಲ್ಲಿ ಉಣ್ಣಬೇಕು

ಕೆಲಸದ ಪಾಸ್ ಕಾರ್ಡು, ಬ್ಯಾಂಕ್ ಖಾತೆ, ಫೋನ್ ನಂಬರು, ಅದಕ್ಕೆ ಪೇನೌ, ಅಂದರೆ ಫೋನಿನಲ್ಲೇ ದುಡ್ಡು ಕಳಿಸುವ ಸೌಲಭ್ಯ, ಜೋಡಿಸುವುದು, ಇವೆಲ್ಲ ಮೊದಲ ಒಂದೆರಡು ವಾರದಲ್ಲಿ ಮುಗಿಯುತ್ತವೆ. ಆಫೀಸಿನವರು ಹೇಳಿದ ಹಾಗೆ ಮಾಡಿದರೆ ಸಾಕು. ಊಟದ ವಿಷಯ ಮಾತ್ರ ಯಾರೂ ಹೇಳಿಕೊಡುವುದಿಲ್ಲ. ಅದನ್ನು ಕಲಿಯಲು ನನಗೆ ಮೂರು ವರ್ಷ ಬೇಕಾಯಿತು. ನಿಮಗೆ ಅಷ್ಟು ದಿನ ಹಿಡಿಯಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ನಾವು ಬಂದದ್ದು 2007ರಲ್ಲಿ. ಮನೆಯಲ್ಲಿ ಮೊಟ್ಟೆ ಕೂಡ ತರುವುದಿಲ್ಲ. ಬಂದ ಎರಡನೇ ದಿನ ಮನೆ ಪಕ್ಕದ ಹಾಕರ್ ಸೆಂಟರಿಗೆ, ಅಂದರೆ ಒಂದೇ ಸೂರಿನಡಿ ಹತ್ತಾರು ಸಣ್ಣ ಊಟದ ಅಂಗಡಿಗಳಿರುವ ಜಾಗಕ್ಕೆ, ಹೋದೆ. ಮೊದಲ ಅಂಗಡಿಯ ಗಾಜಿನ ಹಿಂದೆ ಹುರಿದ ಬಾತುಕೋಳಿಗಳನ್ನು ಕತ್ತು ಸಮೇತ ತೂಗುಹಾಕಿದ್ದರು. ವಾಸನೆ ಗಂಟಲಿಗೆ ಬಂತು. ಅಲ್ಲಿಂದಲೇ ವಾಪಸ್ ಬಂದೆ. ಆಮೇಲೆ ಮೂರು ವರ್ಷ ಆ ಕಡೆ ತಿರುಗಿ ನೋಡಲಿಲ್ಲ. ವಾರವಿಡೀ ಆಫೀಸಿಗೆ ಡಬ್ಬಿ. ಶನಿವಾರ, ಭಾನುವಾರ ಲಿಟ್ಲ್ ಇಂಡಿಯಾದ ಯಾವುದಾದರೂ ಹೋಟೆಲು.

ಆಫೀಸಿನಲ್ಲಿ ಹನ್ನೆರಡಕ್ಕೆ ಎಲ್ಲರೂ ಒಟ್ಟಿಗೆ ಏಳುತ್ತಿದ್ದರು. 'ಬರ್ತೀಯಾ?' ಅಂತ ದಿನಾ ಕರೆಯುತ್ತಿದ್ದರು. 'ಡಬ್ಬಿ ತಂದಿದ್ದೇನೆ' ಅಂತ ನಾನೂ ದಿನಾ ಹೇಳುತ್ತಿದ್ದೆ. ಒಂದೆರಡು ತಿಂಗಳು ಕರೆದರು, ಆಮೇಲೆ ಬಿಟ್ಟರು. ಅವರ ತಪ್ಪು ಏನೂ ಇಲ್ಲ. ಎಷ್ಟು ದಿನ ಅಂತ ಕರೆದಾರು? ಈ ಊರಿನಲ್ಲಿ ಜನ ಒಬ್ಬರಿಗೊಬ್ಬರು ಹತ್ತಿರವಾಗುವುದೇ ಮಧ್ಯಾಹ್ನದ ಊಟದ ಹೊತ್ತಿನಲ್ಲಿ. ಯಾರ ತಾಯಿಗೆ ಹುಷಾರಿಲ್ಲ, ಯಾರ ಮಗ ಪರೀಕ್ಷೆ ಬರೆಯುತ್ತಿದ್ದಾನೆ, ಎಲ್ಲ ಗೊತ್ತಾಗುವುದು ಅಲ್ಲೇ. ನನಗೆ ಮೂರು ವರ್ಷ ಏನೂ ಗೊತ್ತಾಗಲಿಲ್ಲ. ಖಾಲಿ ಪ್ಯಾಂಟ್ರಿಯಲ್ಲಿ ತಣ್ಣಗಾದ ಚಪಾತಿ ತಿನ್ನುತ್ತಾ, ಈ ಊರಿನವರು ಯಾರನ್ನೂ ಹತ್ತಿರ ಸೇರಿಸುವುದಿಲ್ಲ ಅಂದುಕೊಳ್ಳುತ್ತಿದ್ದೆ. ಆ ದಿನಗಳು ನೆನಪಾದರೆ ಈಗಲೂ ಸಂಕಟವಾಗುತ್ತದೆ. ದಯವಿಟ್ಟು ನೀವು ಹಾಗೆ ಮಾಡಬೇಡಿ.

ದುಡ್ಡಿನ ಲೆಕ್ಕವೂ ನೋಡಿ. ಹೋಟೆಲಿನ ಮೆನುವಿನಲ್ಲಿ ಬೆಲೆಯ ಪಕ್ಕ ಎರಡು ಪ್ಲಸ್ ಗುರುತು ಇದ್ದರೆ, ಮೊದಲು ಶೇಕಡಾ 10 ಸರ್ವಿಸ್ ಚಾರ್ಜು, ಅದರ ಮೇಲೆ ಶೇಕಡಾ 9 ಜಿಎಸ್‌ಟಿ ಬೀಳುತ್ತದೆ. 20 ಡಾಲರಿನ ಊಟಕ್ಕೆ ನೀವು ಕೊಡುವುದು 23 ಡಾಲರ್ 98 ಸೆಂಟು. ಹಾಕರ್ ಸೆಂಟರಿನಲ್ಲಿ ಬೋರ್ಡಿನ ಮೇಲೆ ಎಷ್ಟಿದೆಯೋ ಅಷ್ಟೇ. ನಾಲ್ಕೈದು ಡಾಲರಿಗೆ ಹೊಟ್ಟೆ ತುಂಬ ಅನ್ನ, ಮೂರು ಬಗೆಯ ಪಲ್ಯ ಸಿಗುತ್ತದೆ. ಮಾಲ್‌ಗಳ ಒಳಗಿನ ಎಸಿ ಫುಡ್ ಕೋರ್ಟಿನಲ್ಲಿ ಅದೇ ತಟ್ಟೆಗೆ ಸ್ವಲ್ಪ ಜಾಸ್ತಿ. ವಸತಿ ಬ್ಲಾಕ್‌ಗಳ ಕೆಳಗಿನ ಕಾಫಿ ಅಂಗಡಿಗಳು, ಅಂದರೆ ಕೋಪಿಟಿಯಾಮ್‌ಗಳು, ಇವೆರಡರ ನಡುವೆ. ಅಗ್ಗದ ಊಟ ಯಾವ ಬ್ಲಾಕಿನ ಕೆಳಗೆ ಇದೆ ಅಂತ ತೋರಿಸಲು ಬಜೆಟ್‌ಮೀಲ್‌ಗೋವೇರ್ ಅಂತ ಸರ್ಕಾರದ್ದೇ ಒಂದು ತಾಣ ಇದೆ. ಮನೆ ಹಿಡಿದ ದಿನವೇ ಅದನ್ನು ನೋಡಿಕೊಳ್ಳಿ.

ಹಾಕರ್ ಸೆಂಟರ್ ಅಂದರೆ ಬಡವರ ಜಾಗ ಅಂತ ನಮ್ಮವರಲ್ಲಿ ಕೆಲವರಿಗೆ ಇದೆ. ಅದು ತಪ್ಪು. ಹಿಂದೆ ಇಲ್ಲಿ ತಳ್ಳುಗಾಡಿಯವರು ರಸ್ತೆ ಬದಿಯಲ್ಲೇ ಅಡುಗೆ ಮಾಡಿ ಮಾರುತ್ತಿದ್ದರು. 1970ರ ದಶಕದಲ್ಲಿ ಸರ್ಕಾರ ನಲ್ಲಿ, ಚರಂಡಿ, ಸೂರು ಇರುವ ಜಾಗ ಕಟ್ಟಿ ಅವರನ್ನೆಲ್ಲ ಅಲ್ಲಿಗೆ ತಂದು ಕೂರಿಸಿತು. ಈಗ ಅಂಥವು ನೂರಕ್ಕೂ ಹೆಚ್ಚಿವೆ. 2020ರ ಡಿಸೆಂಬರಿನಲ್ಲಿ ಯುನೆಸ್ಕೋ ಈ ಹಾಕರ್ ಸಂಸ್ಕೃತಿಯನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಸೂಟು ಹಾಕಿದವರು, ಕಟ್ಟಡ ಕೆಲಸದವರು, ಅಜ್ಜಿಯರು ಎಲ್ಲ ಒಂದೇ ಮೇಜಿನಲ್ಲಿ ಕೂರುತ್ತಾರೆ.

ಈಗ ನಮ್ಮಂಥ ಸಸ್ಯಾಹಾರಿಗಳ ಕಷ್ಟಕ್ಕೆ ಬರುತ್ತೇನೆ.

ನಾಲ್ಕನೇ ವರ್ಷ ಧೈರ್ಯ ಮಾಡಿ ಹೋದೆ. ಅನ್ನ, ಪಲ್ಯದ ಅಂಗಡಿ ಕಂಡಿತು. ಹತ್ತಿಪ್ಪತ್ತು ತಟ್ಟೆಗಳಲ್ಲಿ ಬಗೆಬಗೆಯ ಪಲ್ಯ. ಹಸಿರು ಸೊಪ್ಪು, ಉದ್ದ ಅಲಸಂದೆ ಕಾಯಿ ತೋರಿಸಿ, 'ಇದು ವೆಜಿಟೆಬಲ್ಲಾ?' ಅಂತ ಕೇಳಿದೆ. ಆಂಟಿ 'ಯೆಸ್, ಯೆಸ್, ವೆಜಿಟೆಬಲ್' ಅಂದಳು. ಖುಷಿಯಿಂದ ಅರ್ಧ ತಿಂದೆ. ಆಮೇಲೆ ಅಲಸಂದೆಯ ನಡುವೆ ತಿಳಿಗುಲಾಬಿ ಬಣ್ಣದ ಚೂರೊಂದು ಕಂಡಿತು. ಚಮಚದ ತುದಿಯಿಂದ ತಿರುಗಿಸಿದೆ. ಉಗುರಿನಷ್ಟು ಒಣ ಸಿಗಡಿ. ಸಾಸಿವೆ ಕಾಳಿನಂಥ ಕಪ್ಪು ಕಣ್ಣು. ಎದ್ದು ಹೋಗಿ ಬಾಯಿ ತೊಳೆದೆ, ಮನೆಗೆ ಬಂದು ಅತ್ತೆ. ಅಂಗಡಿಯವಳ ಮೇಲೆ ಎಷ್ಟೋ ದಿನ ಸಿಟ್ಟಿತ್ತು.

ಆದರೆ ಅವಳು ಸುಳ್ಳು ಹೇಳಿರಲಿಲ್ಲ. ನಾನು ತರಕಾರಿನಾ ಅಂತ ಕೇಳಿದ್ದೆ, ಅದು ತರಕಾರಿಯೇ. ನಾನು ಕೇಳಿದ ರೀತಿಯೇ ಸರಿ ಇರಲಿಲ್ಲ. ಅದರಲ್ಲಿ ಏನೇನು ಹಾಕಿದ್ದೀರಿ ಅಂತ ಕೇಳಬೇಕು, ಒಂದೊಂದೇ ಹೆಸರು ಹಿಡಿದು ಕೇಳಬೇಕು. ಒಣ ಸಿಗಡಿಗೆ ಚೀನೀಯರು 'ಹೇ ಬೀ' ಅನ್ನುತ್ತಾರೆ. ಮಲಯ ಭಾಷೆಯಲ್ಲಿ ಸಿಗಡಿ 'ಊದಾಂಗ್', ಮೀನು 'ಈಕಾನ್', ಮೊಟ್ಟೆ 'ತೆಲೂರ್'. 'ದಾಗಿಂಗ್' ಅಂದರೆ ಮಾಂಸ, ಸಾಮಾನ್ಯವಾಗಿ ದನದ್ದು. ಮಾಂಸ ತಿಂದರೂ ಅದನ್ನು ತಿನ್ನದವರು ನೆನಪಿಡಿ. 'ಬೆಲಾಚಾನ್' ಅಂದರೆ ಸಿಗಡಿ ಅರೆದು ಮಾಡಿದ ಗಟ್ಟಿ ಮುದ್ದೆ. ಕೆಂಪು ಸಂಬಾಲ್ ಚಟ್ನಿಯಲ್ಲಿ ಇದು ಇದ್ದೇ ಇರುತ್ತದೆ ಅಂದುಕೊಳ್ಳಿ. ಸೊಪ್ಪಿನ ಮೇಲೆ ಹೊಳೆಯುವ ಕಂದು ಸಾಸ್ ಹೆಚ್ಚಾಗಿ ಆಯ್ಸ್ಟರ್ ಸಾಸ್, ಅಂದರೆ ಸಮುದ್ರದ ಸಿಂಪಿಯಿಂದ ಮಾಡಿದ್ದು. ಈ ಏಳೆಂಟು ಪದ ಬಾಯಿಗೆ ಬಂದರೆ ಅರ್ಧ ಭಯ ಹೋಗುತ್ತದೆ.

ಇನ್ನೂ ಸುಲಭದ ದಾರಿ, ಚೀನೀ ಬೌದ್ಧರ ಸಸ್ಯಾಹಾರಿ ಅಂಗಡಿ. ಬಹಳಷ್ಟು ಹಾಕರ್ ಸೆಂಟರುಗಳಲ್ಲಿ ಇಂಥದ್ದು ಒಂದಾದರೂ ಇರುತ್ತದೆ. ಹೆಚ್ಚಾಗಿ ಹಳದಿ ಬೋರ್ಡು, ಕೆಲವು ಕಡೆ ಸ್ವಸ್ತಿಕ. ಇವರಲ್ಲಿ ಎಷ್ಟೋ ಜನ ಈರುಳ್ಳಿ, ಬೆಳ್ಳುಳ್ಳಿ ಕೂಡ ಹಾಕುವುದಿಲ್ಲ. ಮನೆಯಲ್ಲಿ ಹಬ್ಬ, ವ್ರತದ ದಿನ ಅವೆರಡನ್ನು ಬಿಡುವವರಿಗೆ ಇದು ಎಷ್ಟು ದೊಡ್ಡ ಅನುಕೂಲ, ಅಲ್ವಾ! ಗಾಜಿನ ಹಿಂದೆ ಕೋಳಿ, ಹಂದಿ ಮಾಂಸದ ತುಂಡಿನಂತೆ ಕಾಣುವುದೆಲ್ಲ ಸೋಯಾ, ಗೋಧಿ, ಅಣಬೆಯಿಂದ ಮಾಡಿದ್ದು. ನೋಡಿ ಹೆದರಬೇಡಿ. ಮೊಟ್ಟೆ ಮಾತ್ರ ಕೆಲವರು ಬಳಸುತ್ತಾರೆ, ಕೇಳಿಕೊಳ್ಳಿ. ಬೆಳಿಗ್ಗೆ ಹೊತ್ತು ಇಲ್ಲಿ ಬೀ ಹೂನ್ ಸಿಗುತ್ತದೆ. ಅದು ನಮ್ಮ ಅಕ್ಕಿ ಶ್ಯಾವಿಗೆಯೇ. ಎಲೆಕೋಸು, ಕರಿದ ಸೋಯಾ ಹಾಳೆ ಹಾಕಿ ಬಾಡಿಸಿರುತ್ತಾರೆ. ಚೀನೀ ಪಂಚಾಂಗದ ತಿಂಗಳ ಮೊದಲ ದಿನ ಮತ್ತು ಹದಿನೈದನೇ ದಿನ, ಅಂದರೆ ನಮ್ಮ ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು, ಈ ಅಂಗಡಿಗಳ ಮುಂದೆ ಉದ್ದ ಸಾಲು. ಆ ದಿನ ಅವರಲ್ಲೂ ಬಹಳ ಜನ ಮಾಂಸ ಮುಟ್ಟುವುದಿಲ್ಲ. ಇದು ಗೊತ್ತಾದ ದಿನ ನನಗೆ ಈ ಊರು ಸ್ವಲ್ಪ ನಮ್ಮದು ಅನ್ನಿಸಿತು.

ಒಂದು ಭಾನುವಾರ ವಾಟರ್‌ಲೂ ಸ್ಟ್ರೀಟಿಗೆ ಹೋಗಿ. ಅಲ್ಲಿ ಗ್ವಾನ್ ಯಿನ್ ಅನ್ನುವ ಬೌದ್ಧ ದೇವಿಯ ಗುಡಿ ಇದೆ, ಅದರ ಪಕ್ಕದಲ್ಲೇ ಶ್ರೀ ಕೃಷ್ಣನ್ ದೇವಸ್ಥಾನ. ಚೀನೀ ಭಕ್ತರು ಅಲ್ಲಿ ಮುಗಿಸಿ ಬಂದು ಕೃಷ್ಣನ ಮುಂದೆಯೂ ಊದುಬತ್ತಿ ಹಿಡಿದು ನಿಲ್ಲುತ್ತಾರೆ. ಅಲ್ಲಿಂದ ನಾಲ್ಕು ಹೆಜ್ಜೆ ನಡೆದರೆ ಮಿಡಲ್ ರೋಡಿನಲ್ಲಿ ಫಾರ್ಚೂನ್ ಸೆಂಟರ್. ಹಳೆಯ ಕಟ್ಟಡ. ಒಳಗೆ ಸಾಲು ಸಾಲು ಸಸ್ಯಾಹಾರಿ ಅಂಗಡಿಗಳು. ಊರಿನಿಂದ ಅಪ್ಪ ಅಮ್ಮ ಬಂದಾಗ ನಾನು ಮೊದಲು ಕರೆದುಕೊಂಡು ಹೋಗುವುದು ಅಲ್ಲಿಗೇ.

ಲಿಟ್ಲ್ ಇಂಡಿಯಾ ನಿಮಗೆ ತಾನಾಗಿ ಸಿಗುತ್ತದೆ. ಅಲ್ಲಿ ಟೆಕ್ಕಾ ಸೆಂಟರಿನಿಂದ ಶುರುಮಾಡಿ. ಹಳಬರು ಅದನ್ನು ಕಂಡಾಂಗ್ ಕರ್ಬಾವ್ ಅನ್ನುತ್ತಾರೆ, ಅಂದರೆ ಎಮ್ಮೆ ಕೊಟ್ಟಿಗೆ. ಹಿಂದೆ ಅಲ್ಲಿ ದನಕರು, ಎಮ್ಮೆಗಳ ವ್ಯಾಪಾರ ನಡೆಯುತ್ತಿತ್ತು. ಈಗ ಕೆಳಗೆ ಊಟ, ತರಕಾರಿ, ಮೇಲೆ ಬಟ್ಟೆ. ಅಲ್ಲಿ 'ಪುಟ್ಟು ಮಾಯಂ' ಸಿಗುತ್ತದೆ, ಅದು ನಮ್ಮ ಒತ್ತು ಶ್ಯಾವಿಗೆ. ಕಾಯಿಹಾಲು ಕೊಡುವುದಿಲ್ಲ, ಕಾಯಿತುರಿ ಮತ್ತು ಕಿತ್ತಳೆ ಬಣ್ಣದ ಸಕ್ಕರೆ ಕೊಡುತ್ತಾರೆ. ಪ್ರಾಟಾ, ಅಂದರೆ ನಮ್ಮ ಪರೋಟಾ, ಬೇಕಿದ್ದರೆ 'ಕೋಸೋಂಗ್' ಅನ್ನಿ, ಅಂದರೆ ಖಾಲಿ, ಏನೂ ತುಂಬದ್ದು. ಜೊತೆಗೆ ಮೀನು ಸಾರು ಬೇಡ, ಬೇಳೆ ಸಾರು ಅಂತ ಮೊದಲೇ ಹೇಳಿ. ಕೆಲವು ಕಡೆ ವಡೆಯ ಮೇಲೆ ಇಡೀ ಸಿಗಡಿ ಕೂರಿಸಿ ಕರಿಯುತ್ತಾರೆ, ನೋಡಿ ತೆಗೆದುಕೊಳ್ಳಿ. ಕೂತು ಉಣ್ಣಬೇಕು ಅನ್ನಿಸಿದರೆ 1924ರಿಂದ ಇರುವ ಆನಂದ ಭವನ, 1947ರಿಂದ ಇರುವ ಕೋಮಲ ವಿಲಾಸ ಇವೆ. ನಮ್ಮ ಎಂಟಿಆರ್ 2013ರಲ್ಲಿ ಸೆರಂಗೂನ್ ರೋಡಿಗೆ ಬಂತು. ತುಂಬಾ ಮನೆ ನೆನಪಾದ ದಿನಕ್ಕೆ ಅದನ್ನು ಇಟ್ಟುಕೊಳ್ಳಿ, ದಿನಾ ಅಲ್ಲ. ತಮಿಳರ ಪುರಟಾಸಿ ತಿಂಗಳ (ಸೆಪ್ಟೆಂಬರ್, ಅಕ್ಟೋಬರ್ ನಡುವೆ) ಶನಿವಾರಗಳಂದು ಅದೇ ರಸ್ತೆಯ ಶ್ರೀನಿವಾಸ ಪೆರುಮಾಳ್ ಗುಡಿಯಲ್ಲಿ ಊಟ ಹಾಕುತ್ತಾರೆ. ಸಂಕೋಚ ಬೇಡ, ಹೋಗಿ ಕೂರಿ.

ಮಾಂಸ ತಿನ್ನುವವರಿಗೆ ಈ ಊರು ಇನ್ನೂ ಸುಲಭ. ಮ್ಯಾಕ್ಸ್‌ವೆಲ್, ಓಲ್ಡ್ ಏರ್‌ಪೋರ್ಟ್ ರೋಡ್, ಯಾವ ಹಾಕರ್ ಸೆಂಟರಿಗಾದರೂ ಹೋಗಿ. ಉದ್ದ ಸಾಲಿನ ಹಿಂದೆ ನಿಂತರೆ ಮೋಸವಿಲ್ಲ.

ಕಾಫಿ ಕೇಳುವುದಕ್ಕೂ ಒಂದು ಭಾಷೆ ಇದೆ. ಸುಮ್ನೆ 'ಕೋಪಿ' ಅಂದರೆ ಡಬ್ಬದ ಸಿಹಿ ಗಟ್ಟಿಹಾಲು ಹಾಕಿ ಕೊಡುತ್ತಾರೆ, ನಮಗೆ ವಿಪರೀತ ಸಿಹಿ. 'ಕೋಪಿ ಸಿ' ಅಂದರೆ ಡಬ್ಬದ ಸಿಹಿಯಿಲ್ಲದ ಗಟ್ಟಿಹಾಲು ಮತ್ತು ಸಕ್ಕರೆ. 'ಸ್ಯೂ ದಾಯ್' ಅಂದರೆ ಸಕ್ಕರೆ ಕಮ್ಮಿ, 'ಗಾವ್' ಅಂದರೆ ಗಟ್ಟಿ. 'ಕೋಪಿ ಸಿ ಗಾವ್ ಸ್ಯೂ ದಾಯ್' ಅಂತ ಕೇಳಿ ನೋಡಿ. ಉದ್ದದ ಬಟ್ಟೆ ಚೀಲದಲ್ಲಿ ಸೋಸಿ ಎತ್ತಿ ಸುರಿಯುತ್ತಾರೆ. ನಮ್ಮಜ್ಜಿ ಮನೆಯಲ್ಲಿ ಫಿಲ್ಟರ್ ಬರುವ ಮೊದಲು ಹೀಗೇ ಬಟ್ಟೆಯಲ್ಲಿ ಸೋಸುತ್ತಿದ್ದರು. ರುಚಿ ಅದಲ್ಲ. ಆದರೆ ಆ ಒದ್ದೆ ಬಟ್ಟೆಯ ವಾಸನೆ ಅದೇ.

ಮೇಜಿನ ಮೇಲೆ ಟಿಶ್ಯೂ ಪೊಟ್ಟಣ ಇದ್ದರೆ ಅದು ಯಾರೋ ಹಿಡಿದಿಟ್ಟ ಜಾಗ. ನಾನು ಒಮ್ಮೆ ಅದನ್ನು ಪಕ್ಕಕ್ಕೆ ಸರಿಸಿ ಕೂತುಬಿಟ್ಟೆ. ವಯಸ್ಸಾದ ಹೆಂಗಸೊಬ್ಬಳು ಬಿಸಿ ಸೂಪಿನ ತಟ್ಟೆ ಹಿಡಿದು ಬಂದು, ಏನೂ ಅನ್ನದೆ, ನನ್ನ ಪಕ್ಕ ನಿಂತಳು. ಕೈ ನಡುಗುತ್ತಿತ್ತು. ನನಗೆ ಅರ್ಥವಾಗುವಷ್ಟರಲ್ಲಿ ಬೇರೆ ಕಡೆ ಹೋದಳು. ಉಂಡ ಮೇಲೆ ತಟ್ಟೆಯನ್ನು ನೀವೇ ಎತ್ತಿಡಬೇಕು. 2021ರ ಸೆಪ್ಟೆಂಬರಿನಿಂದ ಅದು ಕಡ್ಡಾಯ. ಮೊದಲ ಸಲ ಲಿಖಿತ ಎಚ್ಚರಿಕೆ, ಎರಡನೇ ಸಲ 300 ಡಾಲರ್ ದಂಡ. ಹಲಾಲ್ ತಟ್ಟೆಗಳಿಗೆ ಬೇರೆ ಸ್ಟ್ಯಾಂಡ್ ಇರುತ್ತದೆ, ಬೆರೆಸಬೇಡಿ. ನಮ್ಮ ಮಡಿ ಮೈಲಿಗೆ ನಮಗೆ ಹೇಗೋ ಮುಸ್ಲಿಮರಿಗೂ ಇದು ಹಾಗೆ. ನೀರು ಯಾರೂ ತಂದಿಡುವುದಿಲ್ಲ, ಬಾಟಲಿ ಇಟ್ಟುಕೊಳ್ಳಿ. ಎಷ್ಟೋ ಅಂಗಡಿ ಮಧ್ಯಾಹ್ನ ಎರಡು, ಮೂರಕ್ಕೆ ಮುಚ್ಚುತ್ತವೆ.

ನನ್ನ ಮಗಳು ಇಲ್ಲೇ ಹುಟ್ಟಿದಳು. ದೋಸೆಗೆ ಮೊದಮೊದಲು 'ತೋಸೈ' ಅಂತಿದ್ದಳು, ಬೋರ್ಡಿನಲ್ಲಿ ಹಾಗೇ ಬರೆದಿರುತ್ತದೆ. ನಾನು ತಿದ್ದಿ ತಿದ್ದಿ ಸೋತೆ. ಜ್ವರ ಬಂದರೆ ಅವಳು ಕೇಳುವುದು ತಿಳಿಸಾರು ಅನ್ನವಲ್ಲ, ಬ್ಲಾಕಿನ ಕೆಳಗಿನ ಸಸ್ಯಾಹಾರಿ ಅಂಗಡಿಯ ಆಂಟಿಯ ಬೀ ಹೂನ್. ನನಗೆ ಅದು ನೋವು ಅಂತ ಅವಳಿಗೆ ಹೇಗೆ ಹೇಳಲಿ? ಅದೇ ಆಂಟಿ ಆರು ವರ್ಷದ ಅವಳನ್ನು ಸ್ಟೂಲಿನ ಮೇಲೆ ನಿಲ್ಲಿಸಿ, ಚೀನೀ ಭಾಷೆಯಲ್ಲಿ ಒಂದರಿಂದ ಹತ್ತು ಎಣಿಸುವುದನ್ನು ಕಲಿಸಿದ್ದಳು. ನನ್ನ ಅಮ್ಮ ಬಂದಾಗ ಇಬ್ಬರೂ ಮಾತೇ ಇಲ್ಲದೆ, ಕೈಯಲ್ಲಿ ಸೊಪ್ಪು ಹಿಡಿದು ತೋರಿಸುತ್ತಾ ಅರ್ಧ ಗಂಟೆ ಕಳೆದಿದ್ದರು.

ಕಳೆದ ವರ್ಷ ಆಂಟಿ ಅಂಗಡಿ ಮುಚ್ಚಿದಳು. ಮಂಡಿ ನೋವು, ಬೆಳಗಿನ ಮೂರು ಗಂಟೆಗೆ ಏಳಲು ಆಗುತ್ತಿರಲಿಲ್ಲ. ಮಕ್ಕಳಿಗೆ ಆಫೀಸು ಕೆಲಸ. ಕೊನೆಯ ದಿನ ನಾವು ಏನೂ ಹೇಳುವ ಮೊದಲೇ ಮಗಳ ತಟ್ಟೆಗೆ ಸೋಯಾ ಹಾಳೆ ಎರಡು ಜಾಸ್ತಿ ಹಾಕಿದಳು, ದುಡ್ಡು ಮುಟ್ಟಲಿಲ್ಲ. ಈಗ ಅಲ್ಲಿ ಬೇರೆಯವರು ಬಂದಿದ್ದಾರೆ. ಹೋದ ಶನಿವಾರ ನಾವು ಮೊದಲ ಸಲ ಹೋದೆವು. ನಾನು ಬಾಯಿ ತೆರೆಯುವ ಮೊದಲೇ ಮಗಳು ಗಾಜಿನ ಹತ್ತಿರ ಬಗ್ಗಿ, ಒಂದೊಂದೇ ತಟ್ಟೆ ತೋರಿಸಿ, ಮೊಟ್ಟೆ ಇದೆಯಾ, ಹೇ ಬೀ ಇದೆಯಾ ಅಂತ ಕೇಳತೊಡಗಿದಳು.