ಏರು ಬಂದರೆ ಸೊರಗುವ ಇ-ರಿಕ್ಷಾ: ಬ್ಯಾಟರಿ ಬದಲಿಸುವ ಮುಂಚೆ ಅಳೆದು ನೋಡಿ

ವಿಜಯಪುರದ ಸಮತಟ್ಟು ರಸ್ತೆಯಲ್ಲಿ ಸಲೀಸಾಗಿ ಓಡುವ ಗಾಡಿ, ನಾಲ್ಕು ಜನ ಕೂತು ಸಣ್ಣ ಏರು ಬಂದಕೂಡಲೇ ಗಕ್ಕನೆ ನಿಲ್ಲುತ್ತದೆ. ಎರಡು ನಿಮಿಷ ಬಿಟ್ಟರೆ ಮತ್ತೆ ಹೊರಡುತ್ತದೆ. ‘ಬ್ಯಾಟರಿ ಹೋಗ್ಯಾವ’ ಎಂದು ನಾಲ್ಕನ್ನೂ ಬದಲಿಸಲು ಹೊರಡಬೇಡಿ. ಬಹಳ ಸಲ ಕೆಟ್ಟಿರುವುದು ಒಂದೇ ಬ್ಯಾಟರಿ, ಇಲ್ಲವೇ ಸಡಿಲಾದ ಒಂದು ಲಗ್ (ಕೇಬಲ್ ತುದಿಯ ಲೋಹದ ಬಳೆ).

ಕೈ ಹಾಕುವ ಮುಂಚೆ ಉಂಗುರ, ಕಡಗ ತೆಗೆದಿಡಿ. ಸ್ಪ್ಯಾನರ್‌ನ ಹಿಡಿಗೆ ಇನ್ಸುಲೇಷನ್ ಟೇಪ್ ಸುತ್ತಿ. ಚಾರ್ಜ್ ಆಗುವಾಗ ಹೈಡ್ರೋಜನ್ ಏಳುವುದರಿಂದ ಬೀಡಿ, ಕಿಡಿ ಹತ್ತಿರ ಬೇಡ.

ಪೂರ್ತಿ ಚಾರ್ಜ್ ಆದ ಮೇಲೆ ಮೂರ್ನಾಲ್ಕು ತಾಸು ಬಿಟ್ಟು ಅಳೆಯಿರಿ. 12 ವೋಲ್ಟ್‌ನ ಲೆಡ್ ಆ್ಯಸಿಡ್ ಬ್ಯಾಟರಿ ಸುಮಾರು 12.7 ತೋರಿಸಬೇಕು, ನಾಲ್ಕೂ ಸೇರಿ 50.8ರ ಆಸುಪಾಸು. ಆದರೆ ಇದನ್ನಷ್ಟೇ ನಂಬಬೇಡಿ. ಸುಮ್ಮನೆ ನಿಂತಾಗ ಸೋತ ಬ್ಯಾಟರಿಯೂ ಚೆನ್ನಾಗಿಯೇ ಕಾಣುತ್ತದೆ, ಭಾರ ಬಿದ್ದಾಗಲೇ ಅದರ ಬಣ್ಣ ಬಯಲಾಗುವುದು.

ಅದಕ್ಕೆ ಇಬ್ಬರು ಬೇಕು. ಸವಾರಿ ಕೂರಿಸಿ ನಿಧಾನ ಏರು ಹತ್ತಿಸುತ್ತ, ಇನ್ನೊಬ್ಬರು ಒಂದೊಂದೇ ಬ್ಯಾಟರಿಯ ವೋಲ್ಟೇಜ್ ಓದಲಿ. ಮೂರು 12ರ ಹತ್ತಿರ ನಿಂತು ಒಂದು 10ಕ್ಕೆ ಇಳಿದರೆ ತಪ್ಪು ಅಲ್ಲೇ. ಅದರ ಆರೂ ಸೆಲ್‌ಗಳಿಗೆ ಆ್ಯಸಿಡ್‌ನ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಇಡಿ: ಪೂರ್ತಿ ಚಾರ್ಜ್‌ನಲ್ಲಿ 1.26ರ ಸುತ್ತ ಇರಬೇಕು. ಐದು ಸರಿಯಿದ್ದು ಒಂದೇ 1.15ರಲ್ಲಿ ಉಳಿದರೆ ಆ ಸೆಲ್ ಸತ್ತಂತೆಯೇ.

ಎಲ್ಲ ಬ್ಯಾಟರಿಯೂ ಸಮಾನವಾಗಿದ್ದರೆ ಜೋಡಣೆಯತ್ತ ತಿರುಗಿ. ಅದೇ ಏರಿನಲ್ಲಿ ಮೀಟರ್‌ನ ಒಂದು ಕಡ್ಡಿ ಬ್ಯಾಟರಿಯ ಸೀಸದ ಟರ್ಮಿನಲ್ ಮೇಲೆ, ಇನ್ನೊಂದು ಕೇಬಲ್‌ನ ಲಗ್ ಮೇಲೆ. 0.1 ವೋಲ್ಟ್‌ಗಿಂತ ಹೆಚ್ಚು ಬಂದರೆ ಜೋಡಣೆ ಸರಿಯಿಲ್ಲ. ಎಂಸಿಬಿಯ (ಕರೆಂಟ್ ಮಿತಿಮೀರಿದರೆ ತಾನೇ ಕಡಿಯುವ ಸ್ವಿಚ್) ಎರಡೂ ತುದಿಗಳ ನಡುವೆಯೂ ಹೀಗೇ ನೋಡಿ. 50 ಆಂಪಿಯರ್ ಹರಿಯುವಾಗ ಒಂದು ಲಗ್‌ನಲ್ಲಿ 1 ವೋಲ್ಟ್ ಕಳೆದರೆ, ಹೆಬ್ಬೆರಳಿನಷ್ಟು ಜಾಗದಲ್ಲಿ 50 ವಾಟ್ ಕಾವು ಹುಟ್ಟುತ್ತದೆ. ಪ್ಲಾಸ್ಟಿಕ್ ಕಂದಿ ಕರಗಿರುವುದು ಕಣ್ಣಿಗೇ ಕಾಣುತ್ತದೆ. ಎಂಸಿಬಿ ಆಫ್ ಮಾಡಿ ಮೊದಲು ಮೈನಸ್ ಬಿಚ್ಚಿ, ಬಿಳಿ-ಹಸಿರು ಪುಡಿಯನ್ನು ಅಡುಗೆ ಸೋಡಾ ಕದಡಿದ ನೀರಿನಿಂದ ತೊಳೆದು, ಒಣಗಿಸಿ, ಉಜ್ಜಿ, ಬಿಗಿದು ಮೇಲೆ ವ್ಯಾಸಲೀನ್ ಸವರಿ. ಸೋಡಾ ನೀರು ಸೆಲ್‌ನೊಳಗೆ ಇಳಿಯಬಾರದು.

ಗಾಡಿ ಓಡುತ್ತದೆ, ಹಾರ್ನ್ ಮತ್ತು ದೀಪ ಮಾತ್ರ ಇಲ್ಲ ಎಂದರೆ ಅವಕ್ಕೆ ವೋಲ್ಟೇಜ್ ಇಳಿಸಿ ಕೊಡುವ ಕನ್ವರ್ಟರ್ ಅಥವಾ ಅದರ ಫ್ಯೂಸ್ ನೋಡಿ. ದೀಪ ಉರಿದು ಮೋಟರ್ ಮಾತ್ರ ಮಿಸುಕದಿದ್ದರೆ ವೇಗ ಹೆಚ್ಚಿಸುವ ಹಿಡಿಯ, ಅಂದರೆ ಥ್ರಾಟಲ್‌ನ ಸಿಗ್ನಲ್ ತಂತಿ ಅಳೆಯಿರಿ. ಸಾಮಾನ್ಯ ಹಾಲ್ ಸೆನ್ಸರ್ (ಅಯಸ್ಕಾಂತದಿಂದ ಕೆಲಸ ಮಾಡುವ) ಥ್ರಾಟಲ್‌ನಲ್ಲಿ ತಿರುವಿದಂತೆ ಅದು ಸುಮಾರು 0.8ರಿಂದ 4 ವೋಲ್ಟ್‌ವರೆಗೆ ಏರಬೇಕು.

ಒಂದೇ ಬ್ಯಾಟರಿ ಹಾಕುವುದಾದರೆ ಅಷ್ಟೇ ಆಂಪಿಯರ್-ಅವರ್‌ನ, ಸರಿಸುಮಾರು ಅಷ್ಟೇ ಬಳಕೆಯದನ್ನು ಹುಡುಕಿ. ಹಳೆಯ ಮೂರರ ನಡುವೆ ಹೊಚ್ಚ ಹೊಸದನ್ನು ಸೇರಿಸಿದರೆ ಚಾರ್ಜ್ ಹೊಂದದೆ ಹೊಸದೂ ಬೇಗ ಕೆಡುತ್ತದೆ. ಬಿಸಿಲು 40 ಡಿಗ್ರಿ ದಾಟುವ ನಮ್ಮ ಏಪ್ರಿಲ್, ಮೇ ತಿಂಗಳಲ್ಲಿ ವಾರಕ್ಕೊಮ್ಮೆ ನೀರಿನ ಮಟ್ಟ ನೋಡಿ. ಚಾರ್ಜ್ ಮುಗಿದ ಮೇಲೆ ಡಿಸ್ಟಿಲ್ಡ್ ನೀರನ್ನೇ ಹಾಕಿ. ಬೋರ್‌ವೆಲ್‌ನ ಗಡಸು ನೀರು ಪ್ಲೇಟ್‌ಗಳನ್ನು ಹಾಳುಮಾಡುತ್ತದೆ.