‘ನಡುರಾತ್ರಿ ನಿನ್ನ ಆತ್ಮ ಒಯ್ಯುವೆ’: ಚಿತ್ರ ತೋರಿಸಿ ವಾದಕ್ಕೆ ಕೂರುವ ಕ್ರಮ

ಬ್ರೆಜಿಲ್‌ನ ಮೊದಲ ಭಯಾನಕ ಚಿತ್ರವೆಂದು ಹೆಸರಾದ ‘ನಡುರಾತ್ರಿ ನಿನ್ನ ಆತ್ಮ ಒಯ್ಯುವೆ’ 1964ರದ್ದು. ಕಪ್ಪು ಬಿಳುಪು, ಪೋರ್ಚುಗೀಸ್ ಮಾತು. ಜೋಸೆ ಮೊಜಿಕಾ ಮರಿನ್ಸ್ ನಿರ್ದೇಶಿಸಿ, ಶವಪೆಟ್ಟಿಗೆಯ ಝೆ ಎಂಬ ಮುಖ್ಯ ಪಾತ್ರವನ್ನೂ ತಾವೇ ಮಾಡಿದರು. ಎತ್ತರದ ಟೋಪಿ, ಕರಿ ನಿಲುವಂಗಿ, ಉದ್ದುದ್ದ ಉಗುರು. ಸಣ್ಣ ಊರಿನಲ್ಲಿ ಹೆಣ ಹೂಳಿಸುವ ಕಸುಬು. ದೇವರು, ಪಿಶಾಚಿ, ಪಾಪ ಒಂದನ್ನೂ ನಂಬದ ಆಸಾಮಿ. ಕಾಸರಗೋಡು ಕಡೆಯ ವಾಚನಾಲಯಗಳಲ್ಲಿ, ಕಲಾಸಂಘಗಳಲ್ಲಿ ಇದನ್ನು ತೋರಿಸುವುದಾದರೆ ಚರ್ಚೆಗೆ ತಾಳಮದ್ದಳೆಯ ಕ್ರಮವೇ ಸರಿ: ವೇಷವಿಲ್ಲದೆ ಕೂತು, ಪಾತ್ರವಾಗಿ ಮಾತಾಡಿ ವಾದಿಸುವ ಯಕ್ಷಗಾನದ ಬಗೆ ಅದು; ಆ ಮಾತಿಗೆ ‘ಅರ್ಥ’ ಎಂದು ಹೆಸರು. ಹೆಸರಾಂತ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ ರಾವಣ, ವಾಲಿಯ ಅರ್ಥ ಕೇಳಿದ ಊರಿಗೆ, ಎದುರಾಳಿಯ ವಾದ ಪೂರ್ತಿ ಕೇಳಿದ ಮೇಲೆಯೇ ತೀರ್ಪು ಎಂಬುದನ್ನು ಹೊಸದಾಗಿ ಕಲಿಸಬೇಕಿಲ್ಲ.

ಹಕ್ಕುದಾರರಿಂದ ಲಿಖಿತ ಅನುಮತಿ ಮೊದಲೇ ಪಡೆಯಿರಿ. ದಿನ ಆರಿಸುವಾಗ ಗುಡ್ ಫ್ರೈಡೇ ಇರುವ ವಾರವನ್ನು ಬಿಡಿ. ಕಾಸರಗೋಡು ಕಡೆಯ ಬೇಳದ ಇಗರ್ಜಿಯ (ಚರ್ಚಿನ) ಆಸುಪಾಸಿನಲ್ಲಂತೂ ಖಂಡಿತ ಬೇಡ. ಆ ವಾರ ತೋರಿಸಿದರೆ ಸಿನಿಮಾದ ಬದಲು ನೆರೆಕರೆಯವರನ್ನು ಕೆಣಕಿದ ಹಾಗಾಗುತ್ತದೆ. ಮಳೆಗಾಲದ ಆಟಿ ತಿಂಗಳೂ ಬೇಡ: ಶೀಟಿನ ಮಾಡಿನ ಮೇಲೆ ಮಳೆ ಸುರಿದರೆ ಸ್ಪೀಕರಿನ ಸ್ವರ ಯಾರಿಗೂ ಕೇಳದು, ಕರೆಂಟಿನ ಭರವಸೆಯೂ ಇಲ್ಲ. ಕರಪತ್ರದಲ್ಲಿ ‘18 ದಾಟಿದವರಿಗೆ ಮಾತ್ರ’ ಎಂದು ಹಾಕಿ, ಅತ್ಯಾಚಾರ, ಆತ್ಮಹತ್ಯೆ, ಕಣ್ಣು ಕೀಳುವ ದೃಶ್ಯ ಇವೆ ಎಂದು ನೇರವಾಗಿ ಬರೆಯಿರಿ.

ಕನ್ನಡ ಸಬ್‌ಟೈಟಲ್ ನೀವೇ ಮಾಡುವುದಾದರೆ ಒಂದು ಸಾಲಿಗೆ ಏಳೆಂಟು ಪದ ಮೀರಬಾರದು, ಕಡತವನ್ನು ಯುಟಿಎಫ್-8ರಲ್ಲೇ ಉಳಿಸಬೇಕು. ಪ್ರೊಜೆಕ್ಟರಿಗೆ ಪೆನ್‌ಡ್ರೈವ್ ನೇರ ಚುಚ್ಚಿದರೆ ಒತ್ತಕ್ಷರ ಒಡೆದು ಚೌಕಗಳು ಕಾಣುವುದುಂಟು, ಅದರೊಳಗಿನ ಪ್ಲೇಯರಿನಲ್ಲಿ ಕನ್ನಡ ಫಾಂಟ್ ಇರುವುದಿಲ್ಲ. ಲ್ಯಾಪ್‌ಟಾಪಿನಿಂದ ವಿಎಲ್‌ಸಿಯಲ್ಲಿ ಓಡಿಸಿ. ಉದ್ದಕ್ಕೂ ಒಂದೇ ಅಂತರದಲ್ಲಿ ಸಬ್‌ಟೈಟಲ್ ಹಿಂದೆಮುಂದೆ ಆಗುತ್ತಿದ್ದರೆ ಜಿ, ಹೆಚ್ ಕೀಲಿಗಳಲ್ಲಿ ಸರಿಮಾಡಬಹುದು. ಮೊದಲು ಸರಿಯಿದ್ದು ಹೋಗಹೋಗುತ್ತ ತಪ್ಪುತ್ತಿದ್ದರೆ ಅದು ಫ್ರೇಮ್ ದರದ (ಸೆಕೆಂಡಿಗೆ ಎಷ್ಟು ಚಿತ್ರ ಎಂಬುದರ) ವ್ಯತ್ಯಾಸ. 25ಕ್ಕೆ ಮಾಡಿದ ಕಡತವನ್ನು 23.976ರ ಚಿತ್ರಕ್ಕೆ ಹಾಕಿದರೆ ಕೊನೆಗೆ ಮೂರು ನಿಮಿಷಕ್ಕೂ ಹೆಚ್ಚು ತಪ್ಪುತ್ತದೆ. ಆಗ ಕೀಲಿ ಒತ್ತಿ ಪ್ರಯೋಜನವಿಲ್ಲ, ದರ ಬದಲಿಸಿ ಕಡತವನ್ನೇ ಮತ್ತೆ ಉಳಿಸಿ.

ಚಿತ್ರ ಒಂದೂವರೆ ಗಂಟೆಯೊಳಗೆ ಮುಗಿಯುತ್ತದೆ. ನಡುವೆ ನಿಲ್ಲಿಸಬೇಡಿ. ಚಾ ಕುಡಿದು ಬಂದ ಮೇಲೆ ಎರಡು ತುಣುಕು ಮಾತ್ರ ಮತ್ತೆ ತೋರಿಸಿ.

ಮೊದಲನೆಯದು ಗುಡ್ ಫ್ರೈಡೇ ದೃಶ್ಯ. ಕೆಳಗೆ ಬೀದಿಯಲ್ಲಿ ಊರಿಗೆ ಊರೇ ಮೆರವಣಿಗೆಯಲ್ಲಿ ಹೋಗುತ್ತಿದೆ; ಕಿಟಕಿಯಲ್ಲಿ ಝೆ ಮಾಂಸ ಕಚ್ಚಿ ತಿನ್ನುತ್ತ, ಅವರನ್ನು ನೋಡಿ ಗಹಗಹಿಸಿ ನಗುತ್ತಾನೆ. ‘ಇಲ್ಲಿ ನಿಮಗೆ ಕಸಿವಿಸಿಯಾದದ್ದು ಯಾವುದು, ಮಾಂಸವೋ ನಗುವೋ?’ ಎಂದು ಕೇಳಿ. ಉಪವಾಸ ಮುರಿಯುವವರು ಎಲ್ಲ ಊರಲ್ಲೂ ಇದ್ದಾರೆ. ಝೆಗೆ ಮಾತ್ರ ನಾಲ್ಕು ಜನ ನೋಡುವಂತೆ ಮುರಿಯಬೇಕು. ನಂಬಿಕೆಯಿಲ್ಲದಿರುವುದು ಬೇರೆ, ನಂಬಿದವರನ್ನು ತುಳಿಯುವುದು ಬೇರೆ ಎಂಬ ಮಾತು ಸಭೆಯಿಂದಲೇ ಬರಲಿ, ನೀವು ಹೇಳಿಕೊಡಬೇಡಿ.

ಎರಡನೆಯದು ಆರಂಭದ ಮಾತು. ಬದುಕು ಸಾವಿನ ಆರಂಭ, ಸಾವು ಬದುಕಿನ ಕೊನೆ, ಅಸ್ತಿತ್ವವೆಂದರೆ ರಕ್ತದ ಮುಂದುವರಿಕೆ ಎನ್ನುತ್ತಾನೆ ಝೆ. ಇದೇ ಅವನ ಪೀಠಿಕೆ, ಚಿತ್ರದ ಬೀಗದಕೈಯೂ ಇದೇ. ಇಗರ್ಜಿಯನ್ನು ಬಿಟ್ಟವನು ವಂಶವನ್ನು ಬಿಟ್ಟಿಲ್ಲ. ಮಕ್ಕಳಾಗದ ಹೆಂಡತಿ ಲೆನಿತಾಳನ್ನು ವಿಷದ ಜೇಡದಿಂದ ಕೊಲ್ಲುತ್ತಾನೆ. ಗೆಳೆಯ ಆಂಟೋನಿಯೋನನ್ನು ಮುಗಿಸಿ, ಅವನ ಹುಡುಗಿ ತೆರೆಜಿನ್ಯಾಳ ಮೇಲೆ ಬೀಳುತ್ತಾನೆ. ‘ಅಪುತ್ರಸ್ಯ ಗತಿರ್ನಾಸ್ತಿ’ (ಮಗನಿಲ್ಲದವನಿಗೆ ಗತಿಯಿಲ್ಲ) ಎಂದ ಅಜ್ಜಂದಿರಿಗೂ ಈ ನಾಸ್ತಿಕನಿಗೂ ಎಷ್ಟು ದೂರ? ಚರ್ಚೆ ಬಿಸಿಯೇರುವುದು ಇಲ್ಲೇ.

ಈಗ ಇಬ್ಬರನ್ನು ಚಾಪೆಯ ಮೇಲೆ ಎದುರುಬದುರು ಕೂರಿಸಿ. ಒಬ್ಬರದು ಝೆಯ ಅರ್ಥ, ಇನ್ನೊಬ್ಬರದು ತೆರೆಜಿನ್ಯಾಳದು. ಪೀಠಿಕೆಗೆ ಐದೈದು ನಿಮಿಷ, ಸಂವಾದಕ್ಕೆ 20. ನಿಯಮ ಒಂದೇ: ಪಾತ್ರ ಬಿಟ್ಟು ಹೊರಗೆ ಬರಬಾರದು, ‘ನನ್ನ ಸ್ವಂತ ಅಭಿಪ್ರಾಯದಲ್ಲಿ’ ಎಂದ ಕೂಡಲೇ ಜಾಗಟೆ ಬಾರಿಸಿ. ಝೆಯ ಅರ್ಥಕ್ಕೆ ಊರಿನ ಪರಿಚಿತ ನಾಸ್ತಿಕರನ್ನೇ ಕೂರಿಸುವುದು ಸಾಮಾನ್ಯ ತಪ್ಪು. ಆಗ ಎಲ್ಲರೂ ಅವರೊಡನೆ ಹಳೆಯ ಜಗಳ ತೆಗೆಯುತ್ತಾರೆ, ಝೆ ಮೂಲೆಗೆ ಬೀಳುತ್ತಾನೆ. ನೇಮ, ಪೂಜೆ ತಪ್ಪಿಸದ ಒಬ್ಬರು ಆ ಅರ್ಥ ಹೇಳಿದರೆ ಕಳೆಯೇ ಬೇರೆ.

ಹಾಗಾದರೆ ಚಿತ್ರ ಯಾರ ಪರ? ಮೃತರ ದಿನದ ರಾತ್ರಿ, ‘ನಿನ್ನ ಆತ್ಮ ಒಯ್ಯುವೆ’ ಎಂದ ತೆರೆಜಿನ್ಯಾಳ ಶಾಪದಂತೆ ಝೆಯ ಕಥೆ ಮುಗಿಯುತ್ತದೆ. ಅವನನ್ನು ಹಿಡಿಯಲು ಪಾದ್ರಿಯೂ ಬರಲಿಲ್ಲ, ಪೊಲೀಸರೂ ಬರಲಿಲ್ಲ. ‘ಧರ್ಮ ಗೆದ್ದಿತು, ಮಂಗಳ’ ಎಂದು ಯಾರಾದರೂ ಮುಗಿಸಹೊರಟರೆ 1967ರ ಎರಡನೆಯ ಭಾಗದ ಸಂಗತಿ ಹೇಳಿ. ಆಗ ಬ್ರೆಜಿಲ್‌ನಲ್ಲಿ ಸೇನಾ ಆಡಳಿತ. ಸಾಯುವ ಹೊತ್ತಿಗೆ ಝೆ ದೇವರನ್ನು ಒಪ್ಪಿಕೊಳ್ಳಬೇಕೆಂದು ಸೆನ್ಸಾರಿನವರು ಮರಿನ್ಸ್ ಕೈಯಿಂದ ಅಂತ್ಯವನ್ನೇ ಬದಲಿಸಿದರು. ಮೊದಲ ಭಾಗದ ಝೆ ಅಂಥ ಮಾತೇನೂ ಆಡದೆ ಬಿದ್ದದ್ದು ಅವರಿಗೆ ಸಾಲಲಿಲ್ಲವೇಕೆ ಎಂದು ಝೆಯ ಅರ್ಥಧಾರಿಗೆ ಕೊನೆಯ ಎರಡು ನಿಮಿಷ ಬಿಟ್ಟುಕೊಡಿ.